ಪಟ್ಟಿಯ ಕೊನೆಯ ಸಾಲು

ಬೆಳಗಿನ ಜಾವ ಮೂರೂವರೆ. ಡಿಪೋದ ಬಾಗಿಲಿಗೆ
ಮೊಣಕಾಲುದ್ದ ಹಿಮ ಒರಗಿ ನಿಂತಿದೆ
ಸಾಲ ಕೇಳಲು ಬಂದವರ ಹಾಗೆ.
ಫ್ಲಾಸ್ಕಿನಲ್ಲಿ ಕಾಫಿ, ಎಡಗೈಗೆ ಹರಿದ ಗ್ಲೌಸು,
ಪ್ಲಾಸ್ಟಿಕ್ ಚೀಲದೊಳಗೆ ನಾಲ್ಕಾಗಿ ಮಡಿಸಿದ ಪಟ್ಟಿ:
ಯಾವ ಬೀದಿ ಮೊದಲು, ಯಾವುದು ಆಮೇಲೆ.

ಇಪ್ಪತ್ತೆರಡು ಚಳಿಗಾಲ ಈ ಊರಿನ ಹಿಮ ಗೋರಿದ್ದೇನೆ.
ಸ್ವೀಡನ್ನಿನ ಭೂಪಟದಲ್ಲಿ ಹೆಬ್ಬೆರಳಿಟ್ಟರೆ
ಸರೋವರದ ಸಮೇತ ಮುಚ್ಚಿಹೋಗುವ ಊರು.
ಮುಂಚೆ ಪಟ್ಟಿ ನನಗೆ ಬಾಯಿಪಾಠ:
ಹೆದ್ದಾರಿ, ಕಾರ್ಖಾನೆಯ ರಸ್ತೆ,
ಬ್ಯಾಂಕು, ಪುರಭವನ, ಕಾರು ನಿಲ್ಲುವ ಬಯಲು.
ಫುಟ್‌ಪಾತು? ಸೈಕಲ್ ದಾರಿ? ಕೊನೆಯ ಸಾಲು.
ಅಲ್ಲಿಗೆ ಬರುವಷ್ಟರಲ್ಲಿ ಮಧ್ಯಾಹ್ನ,
ಮಧ್ಯಾಹ್ನಕ್ಕೆ ನನ್ನ ಪಾಳಿ ಮುಗಿಯುತ್ತಿತ್ತು.
ಇನ್ನೊಂದು ಮಾತು, ಯಾರೂ ಕೇಳದೇ ಇದ್ದದ್ದು:
ರಸ್ತೆಯಿಂದ ಗೋರಿದ ಹಿಮ ಎಲ್ಲಿಗೆ?
ಪಕ್ಕಕ್ಕೆ.
ಪಕ್ಕ ಅಂದರೆ ಯಾರದೋ ಕಾಲುದಾರಿ.

ಪುರಸಭೆಯಲ್ಲಿ ಗುನ್ವೊರ್ ಹೆಡ್‌ಮನ್ ಎಂಬ ಹೆಂಗಸು,
ಚುನಾವಣೆಗೆ ನಿಂತವಳಲ್ಲ, ಕಡತ ನೋಡುವವಳು,
ಆಸ್ಪತ್ರೆಯಿಂದ ಒಂದು ಲೆಕ್ಕ ತರಿಸಿದಳು:
ಜನವರಿಯಲ್ಲಿ ಮುರಿದ ಮಣಿಕಟ್ಟು, ಮುರಿದ ಸೊಂಟ,
ಜಾರಿ ಬಿದ್ದ ಜಾಗ.
ಕಾರಿನಿಂದ ಇಳಿದವರು ಕಡಿಮೆ ಅದರಲ್ಲಿ.
ಮಗುವನ್ನು ತಳ್ಳುಗಾಡಿಯಲ್ಲಿ ಶಿಶುವಿಹಾರಕ್ಕೆ ಒಯ್ದವಳು,
ಬಸ್ಸಿಗೆ ಓಡಿದ ಅಡುಗೆಯವಳು,
ಬ್ರೆಡ್ಡಿಗೆಂದು ಸೈಕಲ್ ಹತ್ತಿದ ಎಪ್ಪತ್ತೊಂಬತ್ತರ ತಾತ.
ಗುನ್ವೊರ್ ಭಾಷಣ ಮಾಡಲಿಲ್ಲ.
ಸಭೆಯಲ್ಲಿ ಪಟ್ಟಿಯನ್ನು ತಲೆಕೆಳಗು ಹಿಡಿದು
"ಹೀಗೆ ಓದಿ" ಅಂದಳಂತೆ.

ಹೊಸ ಯಂತ್ರ ಬರಲಿಲ್ಲ, ಹೊಸ ತೆರಿಗೆ ಬರಲಿಲ್ಲ.
ಕೊನೆಯ ಸಾಲು ಮೇಲೆ ಹೋಯಿತು, ಅಷ್ಟೆ.
ಸೈಕಲ್ಲಿಗೆ ರತ್ನಗಂಬಳಿ ಹಾಸುವ ಕೆಲಸ ಅಂತ
ಚಾಲಕರೆಲ್ಲ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಾನು.
ಯೋರಾನ್ ಇವತ್ತಿಗೂ ನಗುತ್ತಾನೆ.

ಮೊದಲ ದಿನ, ಶಾಲೆಯ ಹಿಂದಿನ ದಾರಿ.
ಸಣ್ಣ ಗಾಡಿ, ಕಿರಿದಾದ ಅಲಗು,
ಬರ್ಚ್ ಮರಗಳ ನಡುವೆ ಒಂದೊಂದೇ ದೀಪ.
ಬೆನ್ನ ಹಿಂದೆ ಟ್ರಿಣ್ ಅಂದಿತು.
ಕನ್ನಡಿಯಲ್ಲಿ ಸೈಕಲ್ಲಿನ ಬೆಳಕು,
ಮೂಗಿನವರೆಗೂ ಶಾಲು ಸುತ್ತಿದ ಹೆಂಗಸು.
(ಹೆಸರು ಹೊದಾನ್, ಆಮೇಲೆ ತಿಳಿದದ್ದು.
ವೃದ್ಧಾಶ್ರಮದಲ್ಲಿ ಬೆಳಗಿನ ಪಾಳಿ. ಸೊಮಾಲಿಯದವಳು,
ಸೈಕಲ್ ಕಲಿತದ್ದೇ ಇಲ್ಲಿ, ನಲವತ್ತು ದಾಟಿದ ಮೇಲೆ.)
ದಾರಿ ಬಿಡು ಅನ್ನುವ ಗಂಟೆಯಲ್ಲ ಅದು.
ವರ್ಷಗಟ್ಟಲೆ ಬರೀ ಹಾರನ್ನು ಕೇಳಿದ ಕಿವಿಗೆ
ಆ ವ್ಯತ್ಯಾಸ ತಿಳಿಯುತ್ತದೆ.
ನಾನು ತೆರೆದಷ್ಟೇ ದಾರಿಯಲ್ಲಿ, ನಾನು ತೆರೆದ ವೇಗದಲ್ಲೇ
ಆಶ್ರಮದ ಗೇಟಿನವರೆಗೂ ಬಂದಳು.
ಕೈ ಎತ್ತಿದಳು. ನಾನೂ ಎತ್ತಿದೆ, ಹರಿದ ಗ್ಲೌಸಿನದ್ದು.

ದೂರುಗಳಿಗೇನು, ಬರುತ್ತವೆ.
ವಕೀಲ ಸ್ಟೂರೆ ಹನ್ನೊಂದು ನಿಮಿಷ ತಡವಾದನಂತೆ.
ಹತ್ತು ಸೆಂಟಿಮೀಟರ್ ಹಿಮದಲ್ಲಿ ಕಾರು ಗೊಣಗುತ್ತಾ ಹೋಗುತ್ತದೆ,
ಮೂರರಲ್ಲಿ ತಳ್ಳುಗಾಡಿ ನಿಂತೇಬಿಡುತ್ತದೆ.
ಇದಕ್ಕೆ ಇಂಜಿನಿಯರು ಬೇಡ, ಒಮ್ಮೆ ತಳ್ಳಿ ನೋಡಿದರೆ ಸಾಕು.
ನಾನು ತಳ್ಳಿರಲಿಲ್ಲ.
ಆ ಜನವರಿಗಳಲ್ಲಿ ನನ್ನ ಮಕ್ಕಳನ್ನು
ಯಾರು ಬಿಟ್ಟು ಬರುತ್ತಿದ್ದರು, ಹೇಗೆ?
ಬಾರ್ಬ್ರೊ ಇದ್ದಾಗಲೇ ಕೇಳಬೇಕಿತ್ತು.

ಸಮಾನತೆ ಅಂತ ಪುರಭವನದ ಕಲ್ಲಿನಲ್ಲಿ ಕೆತ್ತಿದ್ದು
ನಾನು ಹುಟ್ಟುವ ಮೊದಲೇ.
ಅದು ನುಡಿ. ನಡೆಯ ಮಾತೇ ಬೇರೆ,
ನಡೆಯಲು ನೆಲ ಸಿಕ್ಕರೆ ತಾನೆ ನಡೆ.

ಮಾರ್ಚಿಗೆ ಮತ್ತೆ ಸಭೆ. ಪಟ್ಟಿ ಹಳೆಯ ಹಾಗೇ ಇರಲಿ ಅಂತ
ಅರ್ಜಿ ಬಿದ್ದಿದೆ. ಗುನ್ವೊರ್ ನಿವೃತ್ತಳಾದಳು.
ಚಾಲಕರ ಪರವಾಗಿ ಎರಡು ನಿಮಿಷ
ನೀನು ಮಾತಾಡು ಅಂದಿದ್ದಾರೆ ನನಗೆ.
ಮಾತು ಬಾರದವನು ನಾನು, ಗಾಡಿ ಬರುತ್ತದೆ.

ಮೂರೂಮುಕ್ಕಾಲು. ಇಂಜಿನ್ ಬಿಸಿಯಾಗಿದೆ.
ಶಾಲೆಯ ಹಿಂದೆ ಯಾರದೋ ಹೆಜ್ಜೆ ಆಗಲೇ ಇದೆ,
ನನಗಿಂತ ಮೊದಲು ಹೊರಟವರದ್ದು, ಆಳಕ್ಕೆ ಊರಿದ್ದು,
ತಿರುವಿನಲ್ಲಿ ಒಂದು ಕಡೆ
ಐದೂ ಬೆರಳು ಬಿಡಿಸಿದ ಅಂಗೈಯ ಗುರುತು.
ಅಲಗು ಇಳಿಸುತ್ತೇನೆ.