ದಾಖಲೆಗೆ ಸಿಗದ್ದು

ಡುಲೂತ್, ವಕೀಲರ ಕಚೇರಿ, ಮೂರನೇ ಮಹಡಿ.
ಮಾರ್ಚ್ ಬಂದರೂ ಕರಗದ ಸರೋವರ ಕಿಟಕಿಯಾಚೆ.
ನಾನು ಶೀಘ್ರಲಿಪಿಗಾರ್ತಿ; ಆಡಿದ ಮಾತಷ್ಟೇ ನನ್ನ ಪಾಲು.

ಅರ್ಡಿಸ್ ಹಾಲ್ವರ್ಸನ್, ಅರವತ್ತೊಂದು.
ಹನ್ನೊಂದು ವರ್ಷ ಒಂದೇ ಗುಳಿಗೆ.
ತಲೆಯೊಳಗಿನ ದನಿಗಳು ಸುಮ್ಮನಾದವು,
ನಾಲಿಗೆ ಸುಮ್ಮನಾಗಲಿಲ್ಲ.
ಇಲ್ಲದ ತುತ್ತನ್ನು ಮೆಲ್ಲುತ್ತಲೇ ಇರುತ್ತದೆ ದವಡೆ;
ಮೊಮ್ಮಗ ಕೈ ಚಾಚುತ್ತಾನಂತೆ:
'ಅಜ್ಜಿ, ನನಗೂ ಕೊಡು.'
ಚರ್ಚಿನಲ್ಲಿ ಈಗ ಕೊನೆಯ ಬೆಂಚು.

ಕಂಪನಿಯ ವಕೀಲ ಕಾಗದ ಎತ್ತಿ ಹಿಡಿದ:
'ಇಲ್ಲೇ ಬರೆದಿತ್ತಲ್ಲ, ಓದಿರಲಿಲ್ಲವೇ?'
ಸಾಸಿವೆಗಿಂತ ಸಣ್ಣ ಅಕ್ಷರ.
ಅವಳ ತುಟಿ ಸುರುಟಿತು, ಬಿಚ್ಚಿತು,
ಮತ್ತೆ ಸುರುಟಿತು.
'ಸಾಕ್ಷಿ ಉತ್ತರಿಸಲಿಲ್ಲ, ದಾಖಲಿಸಿಕೊಳ್ಳಿ.'

ನನ್ನ ಯಂತ್ರದಲ್ಲಿ ಇಪ್ಪತ್ತೆರಡು ಕೀಲಿ,
ಇದಕ್ಕೆ ಒಂದೂ ಇಲ್ಲ.
ಬೆರಳೆತ್ತಿ ಕಾದೆ,
ಅವಳು ಮುಗಿಸಲಿ ಎಂದು.