ಕೊಕ್ಕೆ

ತತ್ತಿಯಿಟ್ಟ ಚಿಟ್ಟೆಯನ್ನು ಖಲಬತ್ತಿನಲ್ಲಿ ಅರೆಯುವುದು ನನ್ನ ಕೆಲಸ.
ಕೆಲವಕ್ಕೆ ಇನ್ನೂ ರೆಕ್ಕೆ ನಡುಗುತ್ತಿರುತ್ತದೆ.
ನಾಲ್ಕು ಹನಿ ಪೊಟ್ಯಾಷ್ ನೀರು,
ಸೋಸಿದ ರಸ ಗಾಜಿನ ಮೇಲೊಂದು ಚುಕ್ಕೆ,
ಆಮೇಲೆ ಕಣ್ಣು ಸೂಕ್ಷ್ಮದರ್ಶಕಕ್ಕೆ.

ಕುಕನೂರು ರಸ್ತೆಯ ಬಿತ್ತನೆ ಕೋಠಿಯಲ್ಲಿ ಹನ್ನೊಂದು ವರ್ಷ
ತಾಯಂದಿರ ಒಳಗನ್ನು ಹೀಗೆ ನೋಡುತ್ತ ಬಂದಿದ್ದೇನೆ.
ಬಹಳ ಸಲ ಏನೂ ಇರುವುದಿಲ್ಲ:
ರೆಕ್ಕೆಯ ಪುಡಿ, ಕೊಬ್ಬಿನ ಗುಳ್ಳೆ,
ಒಮ್ಮೊಮ್ಮೆ ನನ್ನದೇ ರೆಪ್ಪೆಗೂದಲ ನೆರಳು.

ಇವತ್ತು ಶೇಕ್ಷಾವಲಿಯವರ ಲಾಟಿನಲ್ಲಿ ಇತ್ತು.
ಸಜ್ಜೆ ಕಾಳಿನಂತೆ ಉದ್ದುರುಟು,
ಹಸಿರಿಗೆ ತಿರುಗಿದ ನೀಲಿ ಹೊಳಪು,
ಎಲ್ಲಿಗೂ ಹೋಗದೆ ನಿಂತಲ್ಲೇ ಮಿಸುಕುತ್ತ.

ಹೊರಗಿದ್ದಾಗ ಅದಕ್ಕೆ ತನ್ನದೇ ಬುತ್ತಿ.
ಒಂದಿಷ್ಟು ಸಕ್ಕರೆ ಕಟ್ಟಿಕೊಂಡು
ಮನೆಯ ಧೂಳಿನಲ್ಲಿ ತಿಂಗಳುಗಟ್ಟಲೆ ಕೂರಬಲ್ಲದು.
ಹುಳದ ಹೊಟ್ಟೆ ಸಿಕ್ಕಿತೋ,
ಸುತ್ತಿಟ್ಟ ನಳಿಗೆ ಚಿಮ್ಮಿ, ಗೋಡೆ ತೂರಿ,
ಕೋಶದೊಳಕ್ಕೆ ತನ್ನನ್ನೇ ಸುರಿದುಕೊಳ್ಳುತ್ತದೆ.
ಅಲ್ಲಿಂದಾಚೆ ಅಡುಗೆ ಬಂದ್.

ಉಸಿರಿನಿಂದ ಉರಿಯುವ ಒಲೆ, ನಮ್ಮೆಲ್ಲರ ಕೋಶದಲ್ಲೂ ಇರುವಂಥದ್ದು,
ಅದನ್ನು ಇದು ಎಂದೋ ಕಳೆದುಕೊಂಡಿದೆ.
ಒಲೆಯಿದ್ದ ಜಾಗದಲ್ಲಿ ಚಿಟಿಕೆಯಷ್ಟು ಮೂಲೆ.
ಅಲ್ಲಿ ಬೇಳೆ ಬೇಯುವುದಿಲ್ಲ,
ಕಬ್ಬಿಣಕ್ಕೆ ಗಂಧಕ ಬೆಸೆಯುವ ಸಣ್ಣ ಕಮ್ಮಾರಿಕೆ ಮಾತ್ರ ನಡೆದಿದೆ.
ಊಟ ಪಕ್ಕದ ಮನೆಯದು.
ಹುಳದ ಮೈಟೊಕಾಂಡ್ರಿಯಾಗಳು ಬಂದು
ಮೈಗೆ ಮೈ ತಾಗಿಸಿ ನಿಲ್ಲುತ್ತವೆ, ಯಾರೋ ಕರೆದರೆಂಬಂತೆ.
ಇದು ಖಾಲಿ ಸಿಲಿಂಡರು ಕೊಟ್ಟು ತುಂಬಿದ್ದು ಒಯ್ಯುತ್ತದೆ,
ಮತ್ತೆ ಖಾಲಿ, ಮತ್ತೆ ತುಂಬಿದ್ದು.
ಹುಳ ಸೊಪ್ಪು ತಿನ್ನುತ್ತದೆ, ತಿನ್ನುತ್ತದೆ,
ಬೆಳೆಯುವುದಿಲ್ಲ.

ಇದನ್ನೆಲ್ಲ ಒಮ್ಮೆ ಮೌನೇಶನಿಗೆ ಹೇಳಿದೆ.
ಅಣ್ಣ ಜೆಸ್ಕಾಂ ಲೈನ್‌ಮನ್.
‘ಇದು ನಮ್ಮ ಇಲಾಖೆ ರೋಗ ಐತಲ್ಲ ತಂಗೀ,
ಕೊಕ್ಕಿ ಹಾಕೋದು’ ಅಂದ. ನಕ್ಕ.
ಪೂರ್ತಿ ನಗಲಿಲ್ಲ.

ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿದರೆ
ತಳಕಲ್ಲಿನ ನಮ್ಮ ತಗಡಿನ ಮನೆಯಲ್ಲಿ ಬಲ್ಬು.
ನಡುವೆ ಅವ್ವ, ಹುಲಿಗೆವ್ವ.
ಇಟ್ಟಂಗಿ ಭಟ್ಟಿಯಿಂದ ಬಂದು, ಕೈ ಒರೆಸಿ ಒಣಗಿಸಿ,
ಅಪ್ಪನ ರಬ್ಬರ್ ಚಪ್ಪಲಿ ಮೆಟ್ಟಿ
ಬಿದಿರ ಕೋಲಿನ ತುದಿಯ ಬಾಗಿದ ತಂತಿಯನ್ನು
ಕತ್ತಲಲ್ಲೇ ಮೇಲಿನ ತಂತಿಗೆ ತೂಗುಹಾಕುವಳು.
ಕಿಡಿ ಹಾರಿದಾಗ ಅವಳ ಮುಖ ಒಂದು ಕ್ಷಣ ನೀಲಿ.
ಆ ಬೆಳಕಲ್ಲಿ ನಾನು ಕೋಶದ ಚಿತ್ರ ಬರೆದೆ,
ಅದರ ಒಲೆಗಳಿಗೆ ಕೆಂಪು ಬಣ್ಣ ಹಚ್ಚಿದೆ.
ಮೌನೇಶ ಓಮನ ನಿಯಮ ಬಾಯಿಪಾಠ ಮಾಡಿದ.

ನೌಕರಿಯ ಮೊದಲ ವಾರವೇ ಅವನು
ನಮ್ಮ ಓಣಿಯ ಹದಿನಾರು ಕೊಕ್ಕೆ ಇಳಿಸಿ
ಆಫೀಸಿನ ಅಂಗಳದಲ್ಲಿ ಒಟ್ಟಿದ.
ಹದಿನೇಳನೆಯದರ ಬಗ್ಗೆ ನಾವು ಮಾತಾಡುವುದಿಲ್ಲ.

ತಾಯಿಯಿಂದ ತತ್ತಿಗೆ ಇಳಿಯುತ್ತದೆ ಗಂಟುರೋಗ.
ಅದಕ್ಕೇ ತಾಯಿಯನ್ನು ಅರೆಯುವುದು.

ಶೇಕ್ಷಾವಲಿಯವರಿಗೆ ಫೋನು ಮಾಡಿದೆ.
‘ಹುಳದ ಮ್ಯಾಲ ಒಂದೂ ಚುಕ್ಕಿ ಇರಲಿಲ್ಲಲ್ರೀ ಮೇಡಂ.’
‘ಕಾಣೂದಿಲ್ರೀ ಒಮ್ಮೊಮ್ಮೆ.’
‘ಎಷ್ಟು ಸುಡ್ತೀರಿ?’
‘ಎಲ್ಲಾ.’
ಬಹಳ ಹೊತ್ತು ಅವರು ಫೋನು ಇಡಲಿಲ್ಲ. ನಾನೂ.

ತತ್ತಿಯ ಹಾಳೆಗಳು ಡ್ರಮ್ಮಿನಲ್ಲಿ ಚಟಚಟ ಸಿಡಿದವು,
ಸಾಸಿವೆ ಒಗ್ಗರಣೆಯ ಸದ್ದು.
ಕೈ ತೊಳೆದು ಬಂದು ಕೂತೆ, ಕರೆಂಟು ಹೋಯಿತು.
ದರ್ಶಕದೊಳಗೆ ಕತ್ತಲೆ.
ಅದರ ಹಳೆಯ ಕನ್ನಡಿಯನ್ನು ಕಿಟಕಿಯತ್ತ ತಿರುಗಿಸಿ
ಒಂದು ಚೂರು ಬಿಸಿಲಿಗೆ ಕೊಕ್ಕೆ ಹಾಕಿದೆ,
ಮೀಟರಿಲ್ಲದ ಬಿಸಿಲು.

ಇನ್ನೂ ನೂರಾ ಹನ್ನೆರಡು ತಾಯಂದಿರು ಬಾಕಿ.