ಹಾರುದಾರಿ, ಹರದಾರಿ

ನೇಪಾಳ್‌ಗಂಜ್ ವಿಮಾನ ನಿಲ್ದಾಣದ ಗೇಟಿನಿಂದ
ಜುಮ್ಲಾ ವಿಮಾನ ನಿಲ್ದಾಣದ ತಂತಿಬೇಲಿಯವರೆಗೆ
ನನ್ನ ಜೀಪಿನ ಮೀಟರು ಹೇಳುವುದು ಮುನ್ನೂರ ನಲವತ್ತು.
ಕೌಂಟರಿನ ಪೂರ್ಣಕಲಾ ಹೇಳುವುದು ನೂರ ನಲವತ್ತು.
ಮಿಕ್ಕ ಇನ್ನೂರು ಎಲ್ಲಿ ಹೋಯಿತೇ ತಾಯಿ ಅಂದರೆ
ರಸೀದಿ ಹರಿಯುತ್ತ ನಗುತ್ತಾಳೆ:
"ಅದು ನಿನ್ನ ಸಂಬಳ, ರೋಕಾಯಾ."

ನಿಜವೇ. ಮಂಜು ಕವಿದ ಬೆಳಗುಗಳೇ ನನ್ನ ಅನ್ನ.
ಹಲಗೆಯ ಮೇಲೆ 'ರದ್ದು' ಎಂದು ಬೀಳುವ ಮೊದಲೇ
ನಾನು ನಾಲ್ಕೂ ಟಯರು ಒದ್ದು ನೋಡಿರುತ್ತೇನೆ.
ಬರುತ್ತಾರೆ, ಮುಖ ಸಣ್ಣ ಮಾಡಿಕೊಂಡು:
ಇಸ್ತ್ರಿ ಅಂಗಿಯ ಮೇಷ್ಟ್ರು,
ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಮುದುಕ,
ಹೊಸ ಕುಕ್ಕರನ್ನು ಮಗುವಿನಂತೆ ತಬ್ಬಿದ ಮದುಮಗಳು.
ಮೂವತ್ತೈದು ನಿಮಿಷಕ್ಕೆ ತಯಾರಾಗಿ ಬಂದವರು
ಎರಡು ಹಗಲು ಒಂದು ರಾತ್ರಿಗೆ ಕೂರುತ್ತಾರೆ
ಮೊಣಕಾಲಿಗೆ ಮೊಣಕಾಲು ಹೆಣೆದು.

ನನ್ನ ಲೆಕ್ಕದಲ್ಲಿ ಕಿಲೋಮೀಟರಿಲ್ಲ.
ಸುರ್ಖೇತ್ ಅಂದರೆ ಮೊದಲನೇ ವಾಂತಿ.
ಅಲ್ಲಿಂದ ಕರ್ಣಾಲಿ ನದಿ ಕಣ್ಣಿಗೆ ಬೀಳುವವರೆಗೆ
ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂಬ ಒಂದು ಜಗಳ.
ಕಾಲಿಕೋಟ್ ಅಂದರೆ ಧನಸರಾಳ ಗುಡಿಸಲು, ಬಿಸಿ ಅನ್ನ,
ಮೂರೇ ಕಾಲಿನ ಅವಳ ನಾಯಿ.

ಆಮೇಲೊಂದು ತಿರುವು.
ಹೆಸರಿಲ್ಲ ಅದಕ್ಕೆ.
ಅಲ್ಲಿ ಮಾತು ತಾನಾಗಿ ನಿಲ್ಲುತ್ತದೆ. ನಾನು ಹಾರ್ನು ಹೊಡೆಯುತ್ತೇನೆ,
ಎದುರು ಬರುವವರಿಗಲ್ಲ,
ಒಂದು ಮಳೆಗಾಲ ಕೆಳಗೆ ಹೋದ ಬಸ್ಸಿನಲ್ಲಿ
ಇನ್ನೂ ಕೂತಿರುವವರಿಗೆ.

ಹೋದ ಕಾರ್ತೀಕದಲ್ಲಿ ಜೀಪು ಜುಮ್ಲಾದಲ್ಲೇ ಕೈಕೊಟ್ಟಿತು.
ಯಾರದೋ ಲಾರಿ ಹಿಡಿದು ಬಿಡಿಭಾಗಕ್ಕೆ ಇಳಿದು ಬಂದೆ.
ಸೇಬು ಕೊಳೆಯುತ್ತಿದೆ, ಹಾರಿಹೋಗು ಅಂದ ಮಾಲೀಕ.
ಪೂರ್ಣಕಲಾ ನನ್ನನ್ನೂ ತಕ್ಕಡಿ ಹತ್ತಿಸಿದಳು:
ನಾನು ಐವತ್ತೆಂಟು, ಕ್ಲಚ್ಚು ಹನ್ನೊಂದು.
ಕಿವಿಗೆ ಹತ್ತಿ ಕೊಟ್ಟರು, ಬಾಯಿಗೊಂದು ಪೆಪ್ಪರಮೆಂಟು.

ಗಾಜಿಗೆ ಹಣೆಯೊತ್ತಿ ನನ್ನ ದಾರಿ ಹುಡುಕಿದೆ.
ಹದಿನೆಂಟು ವರ್ಷ ಸವೆಸಿದ್ದು
ಯಾರೋ ಹೊಲಿಯಲು ಹೋಗಿ ಬೇಸತ್ತು ಬಿಟ್ಟ
ಒಂದೆಳೆ ದಾರ, ಅಷ್ಟೆ.
ಧನಸರಾಳ ಒಲೆಯ ಹೊಗೆ ಕಾಣಲಿಲ್ಲ.
ಮೋಡದ ನೆರಳು ಒಮ್ಮೆ ಜಾರಿದರೆ ನಾಲ್ಕು ಹರದಾರಿ.
ನನ್ನ ಬಲಗಾಲು ಮಾತ್ರ ತಿರುವು ತಿರುವಿಗೂ
ಖಾಲಿ ನೆಲವನ್ನು ಒತ್ತುತ್ತಿತ್ತು.
ಪಕ್ಕದ ಹುಡುಗ ನೋಡಿ ಕಿಸಕ್ಕನೆ ನಕ್ಕ:
"ದಾಜು, ಬ್ರೇಕು ಆ ಕಡೆ ಇದೆ."

ಆ ತಿರುವು ಯಾವುದೆಂದು ಗುರುತಿಸುವಷ್ಟರಲ್ಲಿ
ರೆಕ್ಕೆ ವಾಲಿತು, ಬೆಟ್ಟ ಅಡ್ಡ ಬಂತು,
ಪೆಪ್ಪರಮೆಂಟು ಇನ್ನೂ ಅರ್ಧ ಉಳಿದಿತ್ತು ಬಾಯಲ್ಲಿ.
ಜುಮ್ಲಾ.

ಇಳಿದೆ. ಕಾಲು ಹಿಡಿದಿರಲಿಲ್ಲ, ಬಟ್ಟೆಗೆ ಧೂಳಿರಲಿಲ್ಲ.
ಎದುರಾದವರು ಯಾವಾಗ ಬಂದೆ ಅಂದರೆ
ಏನು ಹೇಳುವುದೋ ತೋಚದೆ
ಬೇಲಿಯ ಪಕ್ಕ ಸ್ವಲ್ಪ ಹೊತ್ತು ಕೂತಿದ್ದೆ,
ಹಿಂದಿನ ಗಾಡಿಯಲ್ಲಿ ಯಾರೋ ಬರಬೇಕಾದವನಂತೆ.

ಮಾರನೆಯ ದಿನ ಸೇಬು ತುಂಬಿ ಇಳಿದೆವು.
ಆ ತಿರುವಿನಲ್ಲಿ ಎರಡು ಸಲ ಹೊಡೆದೆ ಹಾರ್ನು.
ಯಾಕೆ ಎರಡು, ಅಂದ ಕ್ಲೀನರ್ ಹುಡುಗ.
ಮೇಲಿನಿಂದ ಒಂದು ಬಾಕಿ ಇತ್ತು, ಅಂದೆ.
ಅವನಿಗೆ ತಿಳಿಯಲಿಲ್ಲ.
ಸೇಬೊಂದನ್ನು ಒರೆಸಿ ಕಚ್ಚಿದ.